ಬೆಲ್ಲದಮ್ಮನ ಸ್ಟೀಲ್ ಡಬ್ಬಿ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಬಸ್ಸಿನವರು ಗೊಣಗಿಕೊಂಡೇ ನಿಲ್ಲಿಸುವ ಒಂದು ಸ್ಟಾಪಿದೆ, ಕಾರೆಮೆಳೆದೊಡ್ಡಿ. ಅಲ್ಲಿ ಇಳಿದವರಿಗೆ ಮೊದಲು ಗೊತ್ತಾಗುವುದು ಊರಿನಲ್ಲಿ ಮಕ್ಕಳ ಗಲಾಟೆಯೇ ಇಲ್ಲ ಅನ್ನುವುದು. ಮಕ್ಕಳೇನೋ ಇದ್ದಾರೆ. ಗೋಲಿ ಆಡುತ್ತಾರೆ, ಟೈರು ಓಡಿಸುತ್ತಾರೆ, ಬಿದ್ದು ಮಂಡಿ ಕೆರೆದುಕೊಳ್ಳುತ್ತಾರೆ. ಎಲ್ಲಾ ಸದ್ದಿಲ್ಲದೆ. ಶಾಲೆಯಲ್ಲಿ ಗೋದಾ ಟೀಚರು ಚಿಕ್ಕ ಮಕ್ಕಳ ಹಾಜರಿ ಕೂಗಿದರೆ ಹೂಂ ಅನ್ನುವವರಿಲ್ಲ. ಪಾಪ, ಆಕೆ ಎತ್ತಿದ ಕೈಗಳನ್ನು ನೋಡಿ ಗುರುತು ಹಾಕಿಕೊಳ್ಳುತ್ತಾರೆ.

ಇದೆಲ್ಲ ಬೆಲ್ಲದಮ್ಮ ಬಂದ ಮೇಲಿನದು. ನಾಲೆಯಾಚೆ ಇಪ್ಪತ್ತು ವರ್ಷದಿಂದ ಪಾಳು ಬಿದ್ದಿದ್ದ ಆಲೆಮನೆಯಲ್ಲಿ ಹೋದ ವರ್ಷ ಒಂದು ಬೆಳಿಗ್ಗೆ ಹೊಗೆ ಎದ್ದಿತು. ಒಂದು ಜಲ್ಲೆ ಕಬ್ಬು ಆ ಕಡೆ ಹೋದದ್ದನ್ನು ಯಾರೂ ನೋಡಲಿಲ್ಲ, ಗಾಣ ತಿರುಗಿದ ಸದ್ದು ಕೇಳಲಿಲ್ಲ. ಆದರೂ ಪಾಕ ಕುದಿಯುವ ವಾಸನೆ ಊರೆಲ್ಲ ತುಂಬಿತು. ಮಾರನೇ ದಿನ ಬೆಳಗಾಗುವಷ್ಟರಲ್ಲಿ ಪ್ರತಿ ಮನೆಯ ಜಗಲಿಯ ಮೇಲೂ ಅಂಗೈಯಗಲದ ಒಂದು ಸ್ಟೀಲ್ ಡಬ್ಬಿ. ಒಳಗೆ ಏಲಕ್ಕಿ, ಒಣಶುಂಠಿ ಹಾಕಿದ ಬಿಸಿ ಬೆಲ್ಲ.

ಊರಿನವರು ಏನು ಮಾಡಿಯಾರು? ತಿಂದರು. ಡಬ್ಬಿ ತೊಳೆದರು. ವಾಪಸ್ಸು ಕೊಡುವಾಗ, ನಮ್ಮ ಕಡೆ ಎಲ್ಲರೂ ಮಾಡುವಂತೆ, ಬರಿ ಡಬ್ಬಿ ಕೊಡಬಾರದೆಂದು ಒಳಗೆ ಏನಾದರೊಂದು ಹಾಕಿದರು. ಒಂದು ಹಿಡಿ ಅವರೆಕಾಳು, ಒಂದು ನಿಂಬೆಹಣ್ಣು, ಏನೂ ಇಲ್ಲದವರು ಒಂದು ಚಿಟಿಕೆ ಸಕ್ಕರೆ. ಅವತ್ತು ಸಂಜೆ ಆ ಮನೆಗಳ ಮಕ್ಕಳಿಗೆ ಒಂದೊಂದು ಮಾತು ಮರೆತುಹೋಯಿತು. ಒಂದು ಮಾತು ಹೋದರೆ ಯಾರಿಗೆ ತಿಳಿಯುತ್ತದೆ? ವಾರಕ್ಕೆರಡು ಸಲ ಡಬ್ಬಿ ಬಂತು, ವಾರಕ್ಕೆರಡು ಸಲ ಡಬ್ಬಿ ಹೋಯಿತು, ಜೊತೆಗೆ ಕೆಲವು ಸಲ ಒಂದು ಮಾತು, ಕೆಲವು ಸಲ ಹಿಡಿಗಟ್ಟಲೆ. ಊರಿನವರಿಗೆ ತಿಳಿಯುವ ಹೊತ್ತಿಗೆ ಊರೊಳಗಿನ ಚಿಕ್ಕಣ್ಣನ ಮಗಳ ಬಾಯಲ್ಲಿ ಬರಿ ಒಂಬತ್ತು ಮಾತು ಉಳಿದಿತ್ತು. ಮಂಡ್ಯದ ಡಾಕ್ಟರು ಗಂಟಲಿಗೆ ಟಾರ್ಚು ಬಿಟ್ಟು ನೋಡಿ ಎಲ್ಲಾ ಸರಿಯಾಗಿದೆ ಅಂದರು. ಮಳವಳ್ಳಿಯ ಕಡೆಯಿಂದ ಕಟ್ಟಿಸಿಕೊಂಡು ಬಂದ ತಾಯತ ಅವಳ ಕುತ್ತಿಗೆಯಲ್ಲಿ ಚೆನ್ನಾಗಿ ಕಾಣುತ್ತಿತ್ತು, ಅಷ್ಟೇ.

ಬೆಲ್ಲದಮ್ಮನ ಮೇಲೆ ಯುದ್ಧಕ್ಕೆ ಹೊರಟವಳು ಊರಿನ ಕೊನೇ ಬೀದಿಯ ಅರುಂಧತಿ. ವಯಸ್ಸು ಹದಿಮೂರು. ಅಪ್ಪ ಗೆಜ್ಜಲಗೆರೆಯಲ್ಲಿ ಫ್ಯಾಕ್ಟರಿ ಕೆಲಸಕ್ಕೆ, ಅವ್ವ ಮದ್ದೂರಿನಲ್ಲಿ ಗಾರ್ಮೆಂಟ್ಸಿಗೆ, ಇಬ್ಬರೂ ಬೆಳಿಗ್ಗೆ ಏಳರ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚಿದ ಮೇಲೆ. ಮನೆಯಲ್ಲಿ ಅಜ್ಜಿ ಮರಿತಾಯಮ್ಮ, ಐದು ವರ್ಷದ ತಮ್ಮ ರಾಜೇಂದ್ರ. ಬೆಲ್ಲದಮ್ಮ ಪಾಕ ಕಾಯಿಸುವುದು ಮಕ್ಕಳ ಮಾತಿನಿಂದಲಂತೆ, ಹತ್ತು ದಾಟಿದವರ ಮಾತು ಪಾಕಕ್ಕೆ ಬರುವುದಿಲ್ಲವಂತೆ, ಅಷ್ಟರಲ್ಲಿ ಅದಕ್ಕೆ ಸುಳ್ಳು ಬೆರೆತಿರುತ್ತದಂತೆ. ಹಾಗಾಗಿ ಅರುಂಧತಿಯ ಬಾಯಿ ಅವಳ ಹತ್ತಿರವೇ ಇತ್ತು. ರಾಜನಿಂದ ಮೊದಲು ಹೋದದ್ದು 'ಹೆಲಿಕಾಪ್ಟರ್'. ಆಮೇಲೆ 'ಕಡ್ಲೆಪುರಿ', 'ನಾಯಿಮರಿ', 'ಬಸ್ಸು', 'ನೀರು'. ದಿನಕ್ಕೆ ಸಾವಿರ ಪ್ರಶ್ನೆ ಕೇಳಿ ತಲೆ ತಿನ್ನುತ್ತಿದ್ದ ಹುಡುಗ. ಅವನನ್ನು ಎಷ್ಟು ಸಲ ಸುಮ್ಮನಿರೋ ಅಂತ ಗದರಿದ್ದಳೋ, ಅದನ್ನು ನೆನೆಸಿಕೊಂಡರೆ ಅರುಂಧತಿಗೆ ತನ್ನ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು.

ಮೊದಲ ಸಲ ಅವಳು ಕವಣೆ ತಗೊಂಡು ಹೋದಳು. ಬೀಸಿದ ಕಲ್ಲು ಬೆಲ್ಲದಮ್ಮನ ಹಣೆಗೆ ತಾಕಿದ್ದೇ ಬೆಲ್ಲದ ಉಂಡೆಯಾಗಿ ಕೆಳಗೆ ಬಿತ್ತು. ಬೆಲ್ಲದಮ್ಮ ಅದನ್ನೆತ್ತಿ, ಮಣ್ಣೊರೆಸಿ, ಬಾಯಿಗೆ ಹಾಕಿಕೊಂಡಳು. ಎರಡನೇ ಸಲ ನಾಲೆಯಿಂದ ಕೊಡಗಟ್ಟಲೆ ನೀರು ಹೊತ್ತು ಒಲೆಗೆ ಸುರಿದಳು. ಬೆಂಕಿ ನೀರು ಕುಡಿದು ಇನ್ನಷ್ಟು ದಪ್ಪವಾಯಿತು. ಮೂರನೇ ಸಲ ಕೊಪ್ಪರಿಗೆಯನ್ನೇ ಮಗುಚಿಹಾಕೋಣ ಎಂದು ಒಳಗೆ ನುಗ್ಗಿ ಸಿಕ್ಕಿಬಿದ್ದಳು.

ಮಾಟಗಾತಿ ಅಂದರೆ ಕೆದರಿದ ಕೂದಲು, ಕೋರೆಹಲ್ಲು ಅಂದುಕೊಂಡವರು ಬೆಲ್ಲದಮ್ಮನನ್ನು ನೋಡಿದರೆ ಮೋಸ ಹೋಗುತ್ತಾರೆ. ಮದ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ಪಕ್ಕದಲ್ಲಿ ಕೂತು ಯಾವೂರಾಯ್ತವ್ವ ಎಂದು ವಿಚಾರಿಸುವ ಹೆಂಗಸಿನ ಹಾಗೆಯೇ ಇದ್ದಳು. ವಾಯಿಲ್ ಸೀರೆ, ದಾರ ಕಟ್ಟಿದ ಕನ್ನಡಕ. ಒಂದೇ ವ್ಯತ್ಯಾಸ, ಅವಳ ನೆರಳು ಬೆಂಕಿಯ ಕಡೆಗೇ ಬೀಳುತ್ತಿತ್ತು.

"ಕೂತ್ಕೊ ಕಣವ್ವ, ನಿಂತ್ಕಂಡು ಯಾಕೆ ದಣೀತೀಯ," ಅಂದಳು. "ನನ್ನ ಸೋಲ್ಸದು ಕಷ್ಟ ಏನಿಲ್ಲ. ನನ್ನ ಡಬ್ಬೀನ ಬರಿದಾಗಿ ತಂದು ನನ್ನ ಕೈಗೆ ಕೊಡು. ಒಂದೇ ಒಂದು ಡಬ್ಬಿ. ಒಲೆ ಆರೋಯ್ತದೆ, ಕೊಪ್ಪರಿಗೇಲಿರೋ ಮಾತೆಲ್ಲಾ ಅವರವರ ಬಾಯಿಗೆ ಓಯ್ತವೆ."

"ಅಷ್ಟೇನಾ?"

"ಅಷ್ಟೇಯ. ಆದ್ರೆ ಒಂದು ಮಗೀನ ಕೊನೇ ಮಾತೂ ಇಲ್ಲಿಗೆ ಬಂತು ಅಂದ್ರೆ, ಆ ಮಗೀನ ಪಾಕಾನ ಅಚ್ಚಿಗೆ ಉಯ್ದುಬುಡ್ತೀನಿ. ಅಚ್ಚಾದ ಮ್ಯಾಲೆ ನಾನೇ ಬೇಕು ಅಂದ್ರೂ ಬುಡ್ಸಕ್ಕಾಗಕಿಲ್ಲ."

"ಇದ್ನ ನಂಗ್ಯಾಕೆ ಯೋಳ್ತಿದ್ದೀಯ?"

"ಎಲ್ರಿಗೂ ಯೋಳಿವ್ನಿ. ನಾನು ಸುಳ್ಳು ಯೋಳಕಿಲ್ಲ ಕಣವ್ವ. ನಿಮ್ಮೂರೋರ ಕೈಲಿ ಆಗಕಿಲ್ಲ, ಅದ್ಕೇ ಧೈರ್ಯವಾಗಿ ಯೋಳ್ತೀನಿ."

ಅವಳು ಹೇಳಿದ್ದು ನಿಜವೇ. ಊರಿನಲ್ಲಿ ವಿಚಾರಿಸಿದರೆ ಒಬ್ಬೊಬ್ಬರದೂ ಒಂದೊಂದು ಕಥೆ. ಕೆಂಪಯ್ಯ ಬರಿ ಡಬ್ಬಿ ಹಿಡಿದು ನಾಲೆಯ ತನಕ ಹೋದವನು, ಇಷ್ಟು ದಿನ ಬೆಲ್ಲ ತಿಂದು ಹೀಗೆ ಹೋಗುವುದು ಚೆನ್ನಾಗಿರುತ್ತದಾ ಎಂದು ಏರಿಯ ಮೇಲಿನ ಒಂದು ತುಂಬೆ ಹೂ ಕಿತ್ತು ಒಳಗೆ ಹಾಕಿದ್ದ. ಮುದ್ದಮ್ಮ ಏನೂ ಹಾಕಲಿಲ್ಲ, ಡಬ್ಬಿಗೆ ಅರಿಶಿನ ಕುಂಕುಮ ಹಚ್ಚಿ ಕೊಟ್ಟಿದ್ದಳು. ಅದೂ ಕೊಟ್ಟ ಹಾಗೇ ಲೆಕ್ಕ. ಅವಳ ಮೊಮ್ಮಗಳ ಪಾಕ ಅವತ್ತೇ ಅಚ್ಚಿಗೆ ಹೋಯಿತು, ಈಗ ಆ ಮಗು ಅತ್ತರೂ ಸದ್ದು ಬರುವುದಿಲ್ಲ. ಇನ್ನು ಡಬ್ಬಿ ಕೊಡದೆ ಇಟ್ಟುಕೊಂಡವರ ಬಾಗಿಲಿಗೆ ಮೂರನೇ ದಿನ ಬೆಲ್ಲದಮ್ಮನೇ ಬಂದು, ಬೀದಿಗೆಲ್ಲ ಕೇಳುವಂತೆ, ನನ್ನ ಡಬ್ಬಿ ಕೊಡ್ರವ್ವ ಅನ್ನುತ್ತಿದ್ದಳು. ಆ ಅವಮಾನಕ್ಕೆ ಮನೆಯವರು ಒಳಗೋಡಿ, ಕೈಗೆ ಸಿಕ್ಕಿದ್ದು ತುಂಬಿ ತಂದುಕೊಡುತ್ತಿದ್ದರು. ಮರ್ಯಾದೆಗೆ ಅಂಜುವ ಜನರನ್ನು ಮರ್ಯಾದೆಯಿಂದಲೇ ಮುಗಿಸುತ್ತಿದ್ದಳು ಆ ಹೆಂಗಸು.

ಅರುಂಧತಿಯ ಮನೆಯಲ್ಲಿ ಇದು ಇನ್ನೂ ಕಷ್ಟದ ಮಾತಾಗಿತ್ತು. ಮರಿತಾಯಮ್ಮನ ಕಾಲದಲ್ಲಿ ಊರೊಳಗಿನ ಮನೆಗಳಿಂದ ಈ ಬೀದಿಗೆ ಏನೇ ಬಂದರೂ ಮೇಲಿನಿಂದ ಸೆರಗಿಗೆ ಬೀಳುತ್ತಿತ್ತು. ಪಾತ್ರೆ ಬರುತ್ತಿರಲಿಲ್ಲ. ಪಾತ್ರೆ ಬಂದರೆ ವಾಪಸ್ಸು ಹೋಗಬೇಕಲ್ಲ, ಹೋದದ್ದನ್ನು ಅವರು ಮುಟ್ಟಬೇಕಲ್ಲ. ಅರವತ್ತೆಂಟು ವರ್ಷ ಬದುಕಿದ ಮೇಲೆ, ಬೀದಿ ಯಾವುದೆಂದು ನೋಡದೆ ಅವಳ ಜಗಲಿಗೆ ಡಬ್ಬಿ ಕಳಿಸಿದವಳು ಬೆಲ್ಲದಮ್ಮ ಒಬ್ಬಳೇ. ಮೊದಲ ಡಬ್ಬಿಯನ್ನು ಹುಣಸೆಹಣ್ಣು ಹಾಕಿ ಬೆಳ್ಳಿಯಂತೆ ತಿಕ್ಕಿ, ಮನೆಯಲ್ಲಿದ್ದ ಒಳ್ಳೇ ಕಡಲೆಕಾಯಿ ಬೀಜ ತುಂಬಿ ಅಜ್ಜಿ ತಾನೇ ಕೊಂಡೊಯ್ದಿದ್ದಳು. ಬೆಲ್ಲದಮ್ಮ ಎರಡೂ ಕೈ ಚಾಚಿ ಇಸಕೊಂಡು, ಅಲ್ಲೇ ಒಂದು ಬೀಜ ಬಾಯಿಗೆ ಹಾಕಿಕೊಂಡಳಂತೆ. ಮನೆಗೆ ಬಂದು ಅಜ್ಜಿ ಅದನ್ನು ಮೂರು ದಿನ ಹೇಳಿದ್ದಳು. ಅಂಥ ಸಂತೋಷವನ್ನೇ ಗಾಳ ಮಾಡಿಕೊಂಡವಳ ಮೇಲೆ ಅರುಂಧತಿಗಿದ್ದ ಸಿಟ್ಟು ಅಷ್ಟಿಷ್ಟಲ್ಲ.

ನಿಯಮ ತಿಳಿದ ಮೇಲೂ ಅಜ್ಜಿ ಒಂದು ಸಲ ಸೋತಳು. ಅರುಂಧತಿ ಸ್ಕೂಲಿಗೆ ಹೋಗಿದ್ದಾಗ ಡಬ್ಬಿಗೆ ಒಂದು ವೀಳ್ಯದೆಲೆ ಮಡಚಿ ಹಾಕಿ ಕೊಟ್ಟುಬಿಟ್ಟಳು. ಅವತ್ತು ರಾಜನಿಂದ 'ಅಜ್ಜಿ' ಹೋಯಿತು. ಮರಿತಾಯಮ್ಮ ತನ್ನ ಕೈಯನ್ನು ಒರಳಿನ ಅಂಚಿಗೆ ಕುಟ್ಟಿಕೊಂಡು ಅತ್ತಳು. ಅದರ ಹಿಂದಿನ ವಾರವೇ 'ಅಪ್ಪ', 'ಅವ್ವ' ಎರಡೂ ಹೋಗಿದ್ದವು. ರಾತ್ರಿ ಬಸ್ಸಿಳಿದು ಬಂದವರು ಮಗನ ಬಾಯನ್ನೇ ನೋಡುತ್ತಾ ಕೂರುತ್ತಿದ್ದರು.

ಉಳಿದದ್ದು ಒಂದೇ, 'ಅಕ್ಕ'. ಹಸಿವಾದರೂ ಅಕ್ಕ, ಹೆದರಿಕೆಯಾದರೂ ಅಕ್ಕ, ಆಕಾಶದಲ್ಲಿ ಹೆಲಿಕಾಪ್ಟರ್ ಹೋದರೂ ಬೆರಳು ತೋರಿಸಿ ಅಕ್ಕ. ಆ ಎರಡಕ್ಷರವನ್ನೇ ಎಳೆದು, ಕುಗ್ಗಿಸಿ, ರಾಗ ಮಾಡಿ ಹುಡುಗ ಸಂಸಾರ ನಡೆಸುತ್ತಿದ್ದ. ಮುಂದಿನ ಡಬ್ಬಿ ಬಂದ ಬೆಳಿಗ್ಗೆ ಅರುಂಧತಿ ಸ್ಕೂಲಿಗೆ ಹೋಗಲಿಲ್ಲ.

ಬೆಲ್ಲವನ್ನು ತಿಪ್ಪೆಗೆ ಸುರಿದು, ಡಬ್ಬಿ ತೊಳೆದು, ಬಟ್ಟೆಯಿಂದ ಒರೆಸಿ ಬಿಸಿಲಿಗಿಟ್ಟು ಅದರ ಪಕ್ಕದಲ್ಲೇ ಕೂತಳು. ಬೀದಿಯವರಿಗೆಲ್ಲ ಹೇಳಿಯಾಗಿತ್ತು, ಯಾರೂ ಹತ್ತಿರ ಬರಬೇಡಿ ಅಂತ. ಯಾರೂ ಬರಲಿಲ್ಲ. ಮಧ್ಯಾಹ್ನ ಮುದ್ದೆ ಸಾರು ಉಣ್ಣಲು ಬಡಿಸಿಟ್ಟು ಅಜ್ಜಿ ಒಳಕೋಣೆಗೆ ಹೋಗಿ ನಿಂತಳು.

"ಒರಗಿಂದ ಚಿಲಕ ಆಕು ಮಗ. ನನ್ನ ಕೈ ಮ್ಯಾಲೆ ನಂಗೇ ನಂಬ್ಕೆ ಇಲ್ಲ."

"ಅಜ್ಜೀ, ಅಂಗೆಲ್ಲ ಯಾಕೆ..."

"ಆಕು ಅಂದ್ರೆ ಆಕು. ನೀನು ಬಂದ್ಮೇಲೆ ತೆಗಿ. ನಮ್ಮ ರಾಜನ ಕೈಲೇ ಅಜ್ಜೀ ಅನ್ಸು, ಆಮೇಲೆ ತೆಗಿ."

ಅರುಂಧತಿ ಚಿಲಕ ಹಾಕಿದಳು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ತಾನೂ ಉಂಡು, ತಮ್ಮನಿಗೂ ಉಣ್ಣಿಸಿದಳು. ಕೈ ತೊಳೆಯಲು ಹಿತ್ತಿಲಿಗೆ ಹೋಗಬೇಕಿತ್ತು. ಸಾರಿನ ಕೈಯಲ್ಲಿ ಡಬ್ಬಿ ಮುಟ್ಟಿದರೆ ಅದೇನಾದರೂ ಲೆಕ್ಕಕ್ಕೆ ಬಂದೀತು ಎಂದು ಹೆದರಿ, ಮೊಣಕೈಯಿಂದಲೇ ಅದನ್ನು ತಮ್ಮನ ಮಡಿಲಿಗೆ ತಳ್ಳಿದಳು. "ಇಟ್ಕೊ. ಯಾರ್ಗೂ ಕೊಡ್ಬ್ಯಾಡ," ಅಂದಳು. ಜಗತ್ತಿನಲ್ಲಿ ಅವಳು ಆ ಹೊತ್ತು ನಂಬಿದ್ದು ಅವನೊಬ್ಬನನ್ನೇ. ವಾಪಸ್ಸು ಬಂದಾಗ ಡಬ್ಬಿ ಅವನ ಮಡಿಲಲ್ಲೇ ಇತ್ತು, ಮುಚ್ಚಳ ಮುಚ್ಚಿತ್ತು. ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು. ಸದ್ದಿಲ್ಲ. ಹೊರಟಳು.

ನಾಲೆಯ ತನಕ ಹತ್ತು ನಿಮಿಷದ ದಾರಿ. ಅವತ್ತು ಅದು ಎಷ್ಟು ನಡೆದರೂ ಮುಗಿಯಲಿಲ್ಲ. ಸೇತುವೆ ಕಾಣುತ್ತಿತ್ತು, ಹತ್ತಿರವಾಗುತ್ತಿರಲಿಲ್ಲ. ಎರಡೂ ಪಕ್ಕದ ಕಬ್ಬಿನ ಗರಿಗಳು ದಾರಿಗೆ ಬಾಗಿ ಅವಳ ಕೈ ಗೀರಿದವು, ಒಂದೊಂದು ಗರಿಯೂ ಮುಚ್ಚಳದ ಸಂದಿಗೆ ತುದಿ ತೂರಿಸಲು ನೋಡಿತು. ಡಬ್ಬಿಯನ್ನು ಅಂಗಿಯೊಳಗೆ ಹೊಟ್ಟೆಗೆ ಅವಚಿಕೊಂಡು ಓಡಿದಳು. ಸೇತುವೆಯ ಮೇಲೆ ಕಾಲಿಟ್ಟಾಗ ಆಲೆಮನೆಯಿಂದ ಮಕ್ಕಳ ದನಿ ಕೇಳಿಸಿತು, ಇನ್ನೂ ಅಚ್ಚಿಗೆ ಹೋಗದ ಹನ್ನೊಂದು ಮಕ್ಕಳದ್ದು, ಒಟ್ಟಿಗೆ, ಸಂತೆಯಂತೆ. ಅದರೊಳಗೆ ರಾಜನ ದನಿ ಬೇರೆಯಾಗಿ ಕೇಳಿತು. ಹೆಲಿಕಾಪ್ಟರ್, ಹೆಲಿಕಾಪ್ಟರ್, ಹೆಲಿಕಾಪ್ಟರ್. ಅವಳಿಗೆ ಅಳು ಬಂತು, ಅಳುತ್ತಲೇ ಒಳಗೆ ಹೋದಳು.

ಬೆಲ್ಲದಮ್ಮ ಡಬ್ಬಿ ನೋಡಿದಳು, ಅವಳ ಮುಖ ನೋಡಿದಳು, ಎದ್ದು ಹಿಂದಕ್ಕೆ ಸರಿದಳು. ಮೊದಲ ಸಲ ಆ ಹೆಂಗಸಿನ ಮುಖದಲ್ಲಿ ಹೆದರಿಕೆ ಕಂಡಿತು.

"ಬರಿದಾಗಿ ತಂದ್ಯಾ?"

"ತಂದೆ. ತಗೊ."

"ತಡಿ ಕಣವ್ವ." ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ಒಂದು ಮಾತು ಕೇಳು. ಅಗೋ ಅಲ್ಲಿ ಬಾಗ್ಲತ್ರ ಬೇವಿನೆಲೆ ಬಿದ್ದದೆ. ಒಂದೇ ಒಂದು ಎಲೆ ಆಕಿ ಕೊಡು. ನಿನ್ನ ತಮ್ಮನ ಮಾತಷ್ಟೂ ಈಗಲೇ ಕೊಟ್ಟುಬುಡ್ತೀನಿ. ಒಂದೂ ಇಟ್ಕಳಕಿಲ್ಲ. ಇನ್ಮ್ಯಾಲೆ ನಿಮ್ಮನೆ ಕಡೆ ಡಬ್ಬಿ ಕಳ್ಸಕಿಲ್ಲ."

ಬೆಲ್ಲದಮ್ಮ ಸುಳ್ಳು ಹೇಳುವುದಿಲ್ಲ. ಅದು ಅರುಂಧತಿಗೆ ಗೊತ್ತಿತ್ತು. ಎಲೆ ಎರಡು ಹೆಜ್ಜೆ ದೂರದಲ್ಲಿತ್ತು, ಅವಳು ಅದನ್ನು ನೋಡಿದಳು ಕೂಡ.

"ಚಿಕ್ಕಣ್ಣಮಾವನ ಮಗಳು?"

"ಅವಳ ಚಿಂತೆ ನಿಂಗ್ಯಾಕೆ? ನಿಮ್ಮಜ್ಜಿ ಮುಂದೆ ಪಾತ್ರೆ ಮುಟ್ದೆ ನಿಂತ್ಕಂತಿದ್ದೋರ ಮನೆ ಮಗು ಅದು."

"ಅದ್ಕೂ ಮಾತು ಬರ್ಬೇಕು," ಅಂದಳು ಅರುಂಧತಿ. "ಎಲ್ಲಾ ಮಕ್ಕಳ್ಗೂ ಬರ್ಬೇಕು. ತಗೊ."

ಕೈಗೆ ಚಾಚಿ ಕೊಟ್ಟದ್ದನ್ನು ಬೇಡ ಅನ್ನುವ ಹಾಗೆ ಬೆಲ್ಲದಮ್ಮನಿಗೂ ಇರಲಿಲ್ಲ. ಅವಳೂ ಈ ನಾಡಿನವಳೇ ತಾನೆ. ಕೈ ತಾನಾಗಿ ಮುಂದೆ ಬಂತು. ಡಬ್ಬಿ ಅವಳ ಅಂಗೈ ಮುಟ್ಟಿದ್ದೇ ಅವಳ ಹೆದರಿಕೆಗೆ ಒಲೆಯ ಬೆಂಕಿಯೂ ಕುಗ್ಗಿತು. ಬೆಲ್ಲದಮ್ಮನ ನೆರಳು ಜೋಲಿ ಹೊಡೆಯಿತು. ಮುಚ್ಚಳ ಮೂರು ಸಲ ಅವಳ ಬೆರಳಿನಿಂದ ಜಾರಿತು. ಅರುಂಧತಿ ಕಣ್ಣು ಮುಚ್ಚದೆ ನಿಂತಳು. ತಮ್ಮ ಮೊದಲು ಯಾವ ಪ್ರಶ್ನೆ ಕೇಳಬಹುದು ಎಂದು ಯೋಚಿಸುತ್ತಿದ್ದಳು.

ಮುಚ್ಚಳ ಬಂತು. ಬೆಲ್ಲದಮ್ಮ ಒಳಗೆ ನೋಡಿದಳು. ಕನ್ನಡಕ ಸರಿ ಮಾಡಿಕೊಂಡು ಇನ್ನೊಂದು ಸಲ ನೋಡಿದಳು. ಆಮೇಲೆ ಡಬ್ಬಿಯನ್ನು ಅರುಂಧತಿಯ ಕಡೆ ಓರೆ ಮಾಡಿ ತೋರಿಸಿದಳು.

ತಳಕ್ಕೆ ಅಂಟಿಕೊಂಡು ಒಂದು ತುತ್ತು ಮುದ್ದೆ ಇತ್ತು. ನೆಲ್ಲಿಕಾಯಿಯಷ್ಟು. ಜಾರದಿರಲಿ ಎಂದು ಒತ್ತಿದ್ದರಿಂದ ಅದರ ಮೇಲೆ ಸಣ್ಣ ಬೆರಳುಗಳ ಗುರುತು ಮೂಡಿತ್ತು.

ಬೀದಿಗೆಲ್ಲ ಹೇಳಿದ್ದಳು. ಅಪ್ಪನಿಗೆ, ಅವ್ವನಿಗೆ, ಗೋದಾ ಟೀಚರಿಗೆ ಹೇಳಿದ್ದಳು. ಅಜ್ಜಿಗಂತೂ ನೂರು ಸಲ. ರಾಜನಿಗೆ ಹೇಳಿರಲಿಲ್ಲ. ಮಾತಿಲ್ಲದ ಮಗುವಿಗೆ ಏನು ತಿಳಿಯುತ್ತದೆ ಎಂದು ಅವನ ತಲೆಯ ಮೇಲಿಂದಲೇ ಎಲ್ಲರೂ ಮಾತಾಡಿಕೊಂಡಿದ್ದರು, ಅವಳೂ. ಡಬ್ಬಿಯನ್ನು ಹಾಗೇ ಕೊಡಬಾರದು ಅನ್ನುವುದು ಮಾತ್ರ ಅವನಿಗೆ ಚೆನ್ನಾಗಿ ಗೊತ್ತಿತ್ತು. ತಮ್ಮ ಬೀದಿಯ ಮನೆಗಳ ನಡುವೆ ಪಾತ್ರೆ ಹೋಗಿ ಬರುವುದನ್ನು ನಡೆಯಲು ಬಂದಾಗಿನಿಂದ ನೋಡಿದ್ದ. ಅಜ್ಜಿ ಒಳಗಿದ್ದಾಳೆ, ಅಕ್ಕ ಮರೆತಿದ್ದಾಳೆ. ತನ್ನ ತಟ್ಟೆಯಲ್ಲಿ ಉಳಿದದ್ದು ಅದೊಂದೇ ತುತ್ತು.

"ಚೆನ್ನಾಗಿ ಕಲ್ಸವ್ರೆ ನಿಮ್ಮನೇಲಿ," ಅಂದಳು ಬೆಲ್ಲದಮ್ಮ. ಅವಳ ದನಿಯಲ್ಲಿ ಅಣಕ ಇರಲಿಲ್ಲ. ಮುದ್ದೆಯನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು.

ಒಲೆ ಮತ್ತೆ ಎದ್ದಿತು. ಕೊಪ್ಪರಿಗೆಯೊಳಗಿನಿಂದ ಒಂದೇ ಒಂದು ಸಲ, ತೀರ ಹತ್ತಿರದಿಂದ, 'ಅಕ್ಕ' ಎಂದು ಕೇಳಿತು. ಅರುಂಧತಿ ಬೆಲ್ಲದಮ್ಮನ ಮೇಲೆ ಬಿದ್ದಳು. ಕಚ್ಚಿದಳು, ಪರಚಿದಳು. ಹಾವನ್ನೋ ಗಾಳಿಯನ್ನೋ ಹಿಡಿದಂತಿರಲಿಲ್ಲ, ಒಬ್ಬ ಗಟ್ಟಿ ಹೆಂಗಸನ್ನು ಹಿಡಿದಂತೆಯೇ ಇತ್ತು, ಆದರೆ ಆ ಹೆಂಗಸು ಅಲುಗಲಿಲ್ಲ. ಕುದಿಯುವ ಕೊಪ್ಪರಿಗೆಯ ಅಂಚಿಗೆ ಎರಡೂ ಕೈ ಹಾಕಿ ತಳ್ಳಿದಳು. ಅಂಗೈ ಚರ್ಮ ಬಂತು, ಕೊಪ್ಪರಿಗೆ ಬರಲಿಲ್ಲ. ಬೆಲ್ಲದಮ್ಮ ಸೌಟಿನಲ್ಲಿ ಪಾಕ ಎತ್ತಿ, ಮರದ ಅಚ್ಚಿನ ಗುಳಿಗಳಿಗೆ ಒಂದೊಂದಾಗಿ ಹುಯ್ದಳು. ಒಂದು ಗುಳಿಯಿಂದ 'ನೀರು' ಅಂತ ಕೇಳಿತು, ಇನ್ನೊಂದರಿಂದ 'ನಾಯಿಮರಿ'. ಆರುತ್ತಾ ಆರುತ್ತಾ ದನಿ ಸಣ್ಣಗಾಗಿ ನಿಂತುಹೋಯಿತು.

"ಎಲೆ ಆಕಿದ್ರೆ ಆಗಿತ್ತು," ಅಂದಳು ಬೆಲ್ಲದಮ್ಮ, ತುಂಬಾ ಮೆಲ್ಲಗೆ. "ಒಳಗೆ ಮುದ್ದೆ ಇರೋದು ನಂಗೂ ಗೊತ್ತಿರ್ಲಿಲ್ಲ ಕಣವ್ವ. ನಾನೂ ಎದುರ್ಕೊಂಡೇ ಯೋಳಿದ್ದು."

ವಾಪಸ್ಸು ಬರುವಾಗ ದಾರಿ ಹತ್ತೇ ನಿಮಿಷವಿತ್ತು. ಉಳಿದ ಮಕ್ಕಳಿಗಾಗಿ ಇನ್ನೊಂದು ಡಬ್ಬಿ ತರಬಹುದು, ಇನ್ನೊಂದು ಸಲ ಹೋಗಬಹುದು ಎಂಬುದು ಅವಳಿಗೆ ಗೊತ್ತಿತ್ತು. ಹೋಗಬೇಕು ಅನ್ನಿಸಲಿಲ್ಲ. ಬೇವಿನೆಲೆ ಎರಡು ಹೆಜ್ಜೆ ದೂರದಲ್ಲಿ ಬಿದ್ದಿದ್ದು ಕಣ್ಣ ಮುಂದೆಯೇ ಇತ್ತು. ಒಳ್ಳೆಯವಳಾಗಲು ಹೋಗಿ ತಮ್ಮನನ್ನು ಕಳೆದುಕೊಂಡೆ ಅಂದುಕೊಂಡಳು. ಹಾಗಂದುಕೊಂಡದ್ದಕ್ಕೆ ಚಿಕ್ಕಣ್ಣನ ಮಗಳ ಮುಖ ನೆನಪಾಗಿ ತನ್ನ ಮೇಲೇ ಸಿಟ್ಟು ಬಂತು. ಸುಟ್ಟ ಕೈಗಳನ್ನು ಎದೆಗೆ ಒತ್ತಿಕೊಂಡು ನಡೆದಳು.

ಮನೆಯ ಮುಂದಿನ ಕಲ್ಲಿನ ಮೇಲೆ ರಾಜ ಕಾಯುತ್ತಾ ಕೂತಿದ್ದ. ಅಕ್ಕನನ್ನು ಕಂಡವನೇ ಎದ್ದು ಓಡಿಬಂದ. ಬಾಯಿ ತೆರೆದ. ಏನೂ ಬರಲಿಲ್ಲ. ಮುಚ್ಚಿ, ಇನ್ನೊಂದು ಸಲ ತೆರೆದ. ಆಮೇಲೆ, ಅದು ಆಮೇಲೆ ಬರುತ್ತದೆ ಅಂದುಕೊಂಡನೋ ಏನೋ, ಅದನ್ನು ಬಿಟ್ಟು ಅವಳ ಬರಿಗೈ ನೋಡಿದ. ಡಬ್ಬಿ ಕೊಟ್ಟು ಬಂದಾಯಿತು ಎಂದು ಖಾತ್ರಿ ಮಾಡಿಕೊಂಡ. ಬಲಗೈಯ ಐದೂ ಬೆರಳು ಕೂಡಿಸಿ ತುತ್ತು ಮಾಡಿ ಒತ್ತುವ ಹಾಗೆ ತೋರಿಸಿ, ತನ್ನ ಎದೆ ಮುಟ್ಟಿಕೊಂಡ. ನಾನು ಹಾಕಿದೆ. ನೀನು ಮರೆತಿದ್ದೆ, ನಾನು ಹಾಕಿದೆ. ಗಲ್ಲ ಎತ್ತಿ ಅವಳನ್ನೇ ನೋಡುತ್ತಾ ನಿಂತ.

ಹೆಜ್ಜೆಯ ಸದ್ದು ಕೇಳಿ ಮನೆಯೊಳಗಿನಿಂದ ಮರಿತಾಯಮ್ಮ ಕೂಗಿದಳು. "ಬಂದ್ಯಾ ಮಗಾ? ಎಲ್ಲಿ ನಮ್ಮ ರಾಜ? ಅಜ್ಜೀ ಅನ್ನು ಅಂತ ಯೋಳು ಅವನ್ಗೆ, ನಾನು ಕೇಳುಸ್ಕಬೇಕು."

ಅರುಂಧತಿ ತಮ್ಮನ ಮುಂದೆ ಮಂಡಿಯೂರಿ ಕೂತಳು. ಅವನಿನ್ನೂ ಕಾಯುತ್ತಿದ್ದ. ಈ ಮನೆಯಲ್ಲಿ ಡಬ್ಬಿ ತುಂಬಿ ಕೊಟ್ಟವರಿಗೆ ಯಾವತ್ತೂ ಸಿಗುತ್ತಿದ್ದ ಒಂದು ಮಾತಿತ್ತು, ಅದಕ್ಕಾಗಿ ಕಾಯುತ್ತಿದ್ದ. ಅವಳು ಸುಟ್ಟ ಕೈಗಳನ್ನು ಹಿಂದಕ್ಕೆ ಸರಿಸಿಕೊಂಡಳು.

"ಒಳ್ಳೇ ಕೆಲ್ಸ ಮಾಡ್ದೆ ಕಣಪ್ಪ," ಅಂದಳು. ರಾಜ ನಕ್ಕ. ಬಾಯಿ ತುಂಬ ನಕ್ಕ, ಸದ್ದು ಬರಲಿಲ್ಲ.